ರಾತ್ರಿ ಪಾಳಿಯವರ ನಿದ್ರೆ

ಹೊಸೂರಿನ ಕಾರ್ಖಾನೆಗಳಲ್ಲಿ, ಆಸ್ಪತ್ರೆಗಳಲ್ಲಿ, ಗಡಿ ದಾಟುವ ರಾತ್ರಿ ಬಸ್ಸು-ಲಾರಿಗಳಲ್ಲಿ ದುಡಿಯುವ ನಮ್ಮವರು ಬಹಳ ಮಂದಿ. ಇವರಿಗೆ ಹಗಲು ನಿದ್ರೆಯೇ ಗತಿ.

ಎಷ್ಟು ಬೇಕು: ವಯಸ್ಕರಿಗೆ ದಿನಕ್ಕೆ ಕನಿಷ್ಠ 7 ಗಂಟೆ, 13ರಿಂದ 18 ವರ್ಷದವರಿಗೆ 8ರಿಂದ 10, 6ರಿಂದ 12 ವರ್ಷದ ಮಕ್ಕಳಿಗೆ 9ರಿಂದ 12 ಗಂಟೆ.

ಹಗಲು ನಿದ್ರೆ ಏಕೆ ಸಾಲದು: ದೇಹದೊಳಗೆ ಸುಮಾರು 24 ಗಂಟೆಯ ಗಡಿಯಾರವಿದೆ. ಅದನ್ನು ನಡೆಸುವ ಜೀನುಗಳ ಕೆಲಸವನ್ನು ಬಿಡಿಸಿ ತೋರಿಸಿದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಬಂತು. ಕಣ್ಣಿಗೆ ಬೆಳಕು ಬಿದ್ದರೆ ನಿದ್ರೆಗೆ ನೆರವಾಗುವ ಮೆಲಟೋನಿನ್ ಇಳಿಯುತ್ತದೆ. ಹಾಗಾಗಿ ದಣಿದಿದ್ದರೂ ಹಗಲಿನಲ್ಲಿ ಬೇಗ ಎಚ್ಚರವಾಗುತ್ತದೆ.

ಕೊರತೆಯ ಪರಿಣಾಮ: ವರ್ಷಗಟ್ಟಲೆ ನಿದ್ರೆಗೆಟ್ಟರೆ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬೊಜ್ಜು, ಹೃದ್ರೋಗದ ಸಾಧ್ಯತೆ ಹೆಚ್ಚು. ಅದಕ್ಕಿಂತ ಹತ್ತಿರದ ಅಪಾಯ ರಸ್ತೆಯದು. ಸತತ 17 ಗಂಟೆ ಎಚ್ಚರವಿದ್ದವರ ಚುರುಕು, 100 ಮಿ.ಲೀ. ರಕ್ತದಲ್ಲಿ 50 ಮಿ.ಗ್ರಾಂ ಮದ್ಯಸಾರ ಇರುವವರಷ್ಟೇ ಕುಂದಿರುತ್ತದೆಂದು ಪ್ರಯೋಗಗಳು ತೋರಿಸಿವೆ. ನಮ್ಮ ದೇಶದಲ್ಲಿ ಚಾಲಕರಿಗೆ ಇರುವ ಮಿತಿ 30 ಮಿ.ಗ್ರಾಂ.

ಮಾಡಬೇಕಾದ್ದು: ಪಾಳಿ ಮುಗಿಸಿ ತೂಕಡಿಸುತ್ತಾ ಬೈಕು ಹತ್ತಬೇಡಿ, 20 ನಿಮಿಷ ಮಲಗಿ ಎದ್ದು ಹೊರಡಿ, ಇಲ್ಲವೇ ಬಸ್ಸಿನಲ್ಲಿ ಬನ್ನಿ. ಮಲಗುವ ಕೋಣೆಗೆ ದಪ್ಪ ಪರದೆ ಹಾಕಿ, ಫೋನನ್ನು ಹೊರಗಿಡಿ. ಕುಡಿದ ಕಾಫಿಯ ಕೆಫೀನ್‌ನಲ್ಲಿ ಸುಮಾರು ಅರ್ಧ 5 ಗಂಟೆಯ ನಂತರವೂ ದೇಹದಲ್ಲಿರುತ್ತದೆ. ಪಾಳಿಯ ಕೊನೆಯಲ್ಲಿ ಕಾಫಿ, ಚಹಾ ಬೇಡ. ಆ ಹೊತ್ತಿನಲ್ಲಿ ಮನೆಯವರು ಟಿವಿ, ಮಿಕ್ಸರ್ ಸದ್ದು ತಗ್ಗಿಸಿದರೆ ದೊಡ್ಡ ಉಪಕಾರ.

ವೈದ್ಯರನ್ನು ಕಾಣಬೇಕಾದ್ದು: ಜೋರು ಗೊರಕೆಯ ನಡುವೆ ಉಸಿರು ನಿಂತು ಬರುತ್ತಿದ್ದರೆ, ಎಷ್ಟು ಮಲಗಿದರೂ ಆಯಾಸ ತೀರದಿದ್ದರೆ. ನಿದ್ರೆ ಮಾತ್ರೆಯನ್ನು ತಾವಾಗಿಯೇ ಕೊಂಡು ನುಂಗಬೇಡಿ.