ಲೋಟ, ಬೆಂಚು, ಪರದೆ

ಚರಿತ್ರೆಯೆಂದರೆ ಕೋಟೆ ಕೊತ್ತಲಗಳದ್ದು ಎಂದೇ ನಾವು ಓದಿ ಬೆಳೆದವರು. ಊರಿನ ಸಣ್ಣ ಹೋಟೆಲಿನ ಒಳಾಂಗಣಕ್ಕೂ ಒಂದು ಚರಿತ್ರೆಯಿದೆ. ಶ್ರೀನಿವಾಸಪುರ ತಾಲೂಕಿನ ಯಲ್ದೂರಿನಂಥ ಹೋಬಳಿ ಕೇಂದ್ರದಲ್ಲಿ, ಕನ್ನಡ, ತೆಲುಗು, ಉರ್ದು ಮೂರೂ ಕಿವಿಗೆ ಬೀಳುವ ಸೀಮೆಯಲ್ಲಿ, ಒಂದು ಚಹಾ ಹೇಳಿ ಕುಳಿತರೆ ಅದನ್ನು ಓದಬಹುದು.

ನಮ್ಮ ಕಡೆಯ ಇಂಥ ಹೋಟೆಲುಗಳ ಒಲೆ ಸಾಮಾನ್ಯವಾಗಿ ಬೀದಿಗೆ ಮುಖ ಮಾಡಿರುತ್ತದೆ. ಹೊಗೆ ಹೊರಗೆ ಹೋಗಬೇಕು, ಪರಿಮಳ ದಾರಿಹೋಕನನ್ನು ಒಳಗೆ ಕರೆಯಬೇಕು. ಬಾಗಿಲ ಬಳಿಯ ಗಲ್ಲಾದಲ್ಲಿ ಕುಳಿತ ಮಾಲೀಕರಿಗೆ ಬರುವವರೂ ಹೋಗುವವರೂ ಕಾಣಬೇಕು. ಕಡಪ ಕಲ್ಲಿನ ಮೇಜನ್ನು ಒಂದು ಒದ್ದೆ ಬಟ್ಟೆಯಲ್ಲಿ ಒರೆಸಿದರಾಯಿತು. ಇವೆಲ್ಲ ಅನುಕೂಲದ ಲೆಕ್ಕ.

ಆದರೆ ಯಾರು ಎಲ್ಲಿ ಕೂರಬೇಕೆಂಬುದು ಅನುಕೂಲದ ಲೆಕ್ಕವಾಗಿರಲಿಲ್ಲ. ಹಿಂದೆ ಹಳೆಯ ಮೈಸೂರು, ಮದ್ರಾಸು ಪ್ರಾಂತಗಳ ಎಷ್ಟೋ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆಂದೇ ಪ್ರತ್ಯೇಕ ಕೋಣೆಯಿತ್ತು. ಹಳ್ಳಿಗಳಲ್ಲಿ ದಲಿತರಿಗೆ ಹೊರಗಿನ ಜಗಲಿ, ಬೇರೆ ಲೋಟ. ಕುಡಿದ ಮೇಲೆ ಅದನ್ನು ಅವರೇ ತೊಳೆದಿಡಬೇಕಿತ್ತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿ ಹೋಟೆಲಿನ ಬಾಗಿಲನ್ನು ಎಲ್ಲರಿಗೂ ತೆರೆಯಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಇನ್ನೂ ಒಳಗೆ ನಡೆದು, ಹೋಟೆಲಿನ ಪಾತ್ರೆಗಳನ್ನು ಬಳಸಲು ಅಡ್ಡಿಪಡಿಸುವುದನ್ನೂ ಅಪರಾಧವೆಂದು ಸಾರಿತು. ಒಂದು ಲೋಟಕ್ಕಾಗಿ ದೇಶದ ಸಂಸತ್ತು ಕಾನೂನು ಬರೆಯಬೇಕಾಯಿತು! ಕಾಗದದ ಮೇಲಿನ ಆ ಹಕ್ಕಿಗಾಗಿ ಹಳ್ಳಿ ಹಳ್ಳಿಗಳಲ್ಲಿ ಹೋರಾಡಿದವರು ದಲಿತ ಸಂಘಟನೆಗಳ ಕಾರ್ಯಕರ್ತರು. ಎಪ್ಪತ್ತರ ದಶಕದಲ್ಲಿ ಹುಟ್ಟಿದ ದಲಿತ ಸಂಘರ್ಷ ಸಮಿತಿಗೆ ಕೋಲಾರ ಜಿಲ್ಲೆ ಗಟ್ಟಿ ನೆಲೆಯಾಗಿತ್ತು.

ಈಗ ಕಾಗದದ ಲೋಟ ಬಂದಿದೆ. ಕುಡಿದು ಎಸೆದರೆ ಮುಗಿಯಿತು, ಯಾರ ಎಂಜಲನ್ನು ಯಾರು ತೊಳೆಯಬೇಕೆಂಬ ಪ್ರಶ್ನೆಯೇ ಏಳದು. ಪ್ರಶ್ನೆ ಏಳದಿದ್ದ ಮಾತ್ರಕ್ಕೆ ಮನಸ್ಸು ತೊಳೆದಂತಾಯಿತೇ?

ಒಂದೇ ದಸ್ತರ್‌ಖಾನಿನ ಸುತ್ತ ಎಲ್ಲರೂ ಕೂರುವ ಸಂಪ್ರದಾಯ ನಮ್ಮದೆಂದು ಹೆಮ್ಮೆಪಡುವ ನಾವೂ ನಮ್ಮವರ ಹೋಟೆಲುಗಳನ್ನು ನೋಡಿಕೊಳ್ಳಬೇಕು. ಹೆಂಗಸರಿಗೆಂದು ಪರದೆ ಇಳಿಬಿಟ್ಟ 'ಫ್ಯಾಮಿಲಿ ರೂಮು' ಎಷ್ಟೋ ಕಡೆ ಗಾಳಿ ಬೆಳಕಿಲ್ಲದ ಮೂಲೆ. ಒಂಟಿಯಾಗಿ ಬಂದ ಕೂಲಿ ಹೆಣ್ಣುಮಗಳು ಮುಂದಿನ ಬೆಂಚಿನಲ್ಲಿ ನಿರಾಳವಾಗಿ ಕೂತು ಚಹಾ ಕುಡಿಯುವಂತಿದೆಯೇ? ಹೊಸ ಟೈಲ್ಸ್, ಹೊಸ ಬಣ್ಣಕ್ಕೆ ಹಣ ಹಾಕುವ ಮಾಲೀಕರು ಈ ಲೆಕ್ಕವನ್ನೂ ಹಾಕಲಿ.