‘ಕ’ ಎಲ್ಲಿದ್ದರೂ ‘ಕ’
ಕಂಪ್ಯೂಟರಿಗೆ ಅಕ್ಷರ ತಿಳಿಯದು, ಅಂಕಿಯಷ್ಟೇ ತಿಳಿಯುತ್ತದೆ. ಯಾವ ಅಂಕಿಗೆ ಯಾವ ಅಕ್ಷರವೆಂಬ ಒಪ್ಪಂದವಿಲ್ಲದಿದ್ದರೆ ಒಂದು ಯಂತ್ರದ ಬರಹ ಇನ್ನೊಂದರಲ್ಲಿ ಕಲಸುಮೇಲೋಗರ.

ನಾವಿರುವ ಕುವೈತಿನಲ್ಲೇ 1982ರಲ್ಲಿ ಮೊಹಮ್ಮದ್ ಅಲ್ ಶಾರೇಖ್ ಸಖ್ರ್ ಸಂಸ್ಥೆ ಕಟ್ಟಿ, ಅರಬ್ಬಿ ಬಲ್ಲ ಕಂಪ್ಯೂಟರಿಗಾಗಿ ದುಡಿದರು. ಭಾರತೀಯ ಲಿಪಿಗಳಿಗೆ 1991ರಲ್ಲಿ ಇಸ್ಕಿ ಎಂಬ ರಾಷ್ಟ್ರೀಯ ಮಾನಕ ಬಂತು. ಆದರೂ ಕನ್ನಡದ ಫಾಂಟುಗಳು ತಮತಮಗೆ ತೋಚಿದ ಅಂಕಿ ಹಿಡಿದವು. ಊರಿನಿಂದ ಬಂದ ಫ್ಲಾಪಿಯ ಲೇಖನ, ಅದೇ ಫಾಂಟು ಇಲ್ಲದಿದ್ದರೆ, ಅರ್ಥವಿಲ್ಲದ ಗೀಟುಗಳ ಸಾಲಾಗುತ್ತಿತ್ತು.

1991ರಲ್ಲೇ ಹೊರಬಂದ ಯೂನಿಕೋಡ್ ಅರಬ್ಬಿಗೂ ಕನ್ನಡಕ್ಕೂ ಪ್ರತ್ಯೇಕ ಅಂಕಿಗಳನ್ನು ಕೊಟ್ಟಿತು. ಅದರಲ್ಲಿ ನಮ್ಮ ‘ಕ’ ಎಂದೆಂದಿಗೂ 3221.

ಹಳೆಯ ಫಾಂಟಿನಲ್ಲಿ ಬರೆದಿಟ್ಟ ಹಿರಿಯರ ಪತ್ರ, ನಾಟಕ ನಿಮ್ಮಲ್ಲಿದ್ದರೆ, ಆ ಫಾಂಟು ಕಳೆದುಹೋಗುವ ಮುನ್ನ ಯೂನಿಕೋಡಿಗೆ ಬದಲಿಸಿ. ಕಾಗದದ ಮೇಲೂ ಒಂದು ಪ್ರತಿ ಇರಲಿ.