ಬೆಳಗಾವಿಯ ಹೆರಿಗೆಗಳು, ಲಿವರ್‌ಪೂಲಿನ ಲೆಕ್ಕ

ಒಂದು ಔಷಧಿಯಿಂದ ನಿಜಕ್ಕೂ ಗುಣವಾಗುತ್ತದೆಯೇ ಎಂಬ ಪ್ರಶ್ನೆಯನ್ನಿಟ್ಟುಕೊಂಡು, ಅದರ ಮೇಲೆ ಜಗತ್ತಿನಾದ್ಯಂತ ನಡೆದ ಪ್ರಯೋಗಗಳನ್ನೆಲ್ಲ ಹುಡುಕಿ ತಂದು, ಒಂದೇ ಕೋಲಿನಿಂದ ಅಳೆದು, ಕೂಡಿಸಿ ಉತ್ತರ ಹೇಳುವುದಕ್ಕೆ ವ್ಯವಸ್ಥಿತ ಪರಾಮರ್ಶೆ ಎಂದು ಹೆಸರು. ವೈದ್ಯರ ಬಾಯಲ್ಲಿ ಅದು ಬರೀ ‘ರಿವ್ಯೂ’. ಲೆಕ್ಕ ಹಾಕುವ ವಿಧಾನ ನೂರು ವರ್ಷಕ್ಕೂ ಹಳೆಯದು. ಆ ಲೆಕ್ಕವನ್ನು ಬಿಡದೆ ಇಡುವ ಸಂಸ್ಥೆ ಹುಟ್ಟಿ ಮೂರು ದಶಕವಷ್ಟೇ ಆಗಿದೆ. ಈ ಮೂರು ದಶಕಗಳಲ್ಲಿ ಅದರ ಕಟ್ಟಡವನ್ನು ಹಲವು ಬಾರಿ ಕೆಡವಿ ಕಟ್ಟಲಾಗಿದೆ. ಅದರ ಇಟ್ಟಿಗೆಗಳಲ್ಲಿ ಕೆಲವು ಕರ್ನಾಟಕದ ಹಳ್ಳಿಗಳಿಂದ ಹೋದವು.

1904ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್ ವಿಷಮಶೀತಜ್ವರದ ಲಸಿಕೆಯ ಅಂಕಿಗಳನ್ನು ಒಂದೆಡೆ ಸೇರಿಸಿದರು. ಭಾರತದಲ್ಲೂ ದಕ್ಷಿಣ ಆಫ್ರಿಕಾದಲ್ಲೂ ಇದ್ದ ಬ್ರಿಟಿಷ್ ಸೈನಿಕರ ದಾಖಲೆಗಳವು. ಒಂದು ಪಡೆಯ ಅಂಕಿ ಇನ್ನೊಂದಕ್ಕೆ ಹೊಂದಲಿಲ್ಲ. ಪಿಯರ್ಸನ್ ಸರಾಸರಿ ತೆಗೆದು, ಲಸಿಕೆಯನ್ನು ಎಲ್ಲರಿಗೂ ಹಾಕುವ ಮುನ್ನ ಇನ್ನೂ ಕಟ್ಟುನಿಟ್ಟಾದ ಪ್ರಯೋಗ ನಡೆಯಬೇಕೆಂದು ಬರೆದರು. ಹಲವು ಅಧ್ಯಯನಗಳನ್ನು ಕೂಡಿಸಿದ ಮೊದಲ ಲೆಕ್ಕಗಳಲ್ಲಿ ಇದೊಂದು. ಆದರೆ ಅದನ್ನು ಮುಂದುವರಿಸಿಕೊಂಡು ಹೋಗುವ ಕಚೇರಿಯಾಗಲಿ, ಮುಂದಿನ ಪ್ರಯೋಗ ಬಂದಾಗ ಅದನ್ನು ಸೇರಿಸಿಕೊಳ್ಳುವವರಾಗಲಿ ಇರಲಿಲ್ಲ.

ಆ ಕೊರತೆಯನ್ನು 1979ರಲ್ಲಿ ಎತ್ತಿ ಹೇಳಿದವರು ವೇಲ್ಸ್‌ನಲ್ಲಿ ಕೆಲಸ ಮಾಡಿದ್ದ ವೈದ್ಯ ಆರ್ಚಿ ಕಾಕ್ರೇನ್. ಪ್ರತಿ ವಿಭಾಗದ ಪ್ರಯೋಗಗಳನ್ನೂ ಒರೆಗೆ ಹಚ್ಚಿ, ಆಗಿಂದಾಗ್ಗೆ ನವೀಕರಿಸುವ ಸಾರಸಂಗ್ರಹ ವೈದ್ಯವೃತ್ತಿಯಲ್ಲಿ ಇಲ್ಲದಿರುವುದು ದೊಡ್ಡ ಲೋಪ ಎಂಬುದು ಅವರ ಆಕ್ಷೇಪ. ಆ ಮಾತನ್ನು ಮೊದಲು ಕೈಗೆತ್ತಿಕೊಂಡವರು ಹೆರಿಗೆ ವೈದ್ಯರು. ಆಕ್ಸ್‌ಫರ್ಡ್‌ನಲ್ಲಿ ಇಯಾನ್ ಚಾಮರ್ಸ್ ಮತ್ತು ಸಂಗಡಿಗರು ಗರ್ಭಿಣಿಯರ ಹಾಗೂ ನವಜಾತ ಶಿಶುಗಳ ಮೇಲಿನ ಪ್ರಯೋಗಗಳನ್ನು ಒಂದೊಂದಾಗಿ ಕಲೆಹಾಕಿದರು. ಅಚ್ಚಾಗದೆ ಮೂಲೆಯಲ್ಲಿ ಬಿದ್ದ ಪ್ರಯೋಗಗಳಿದ್ದರೆ ತಿಳಿಸಿ ಎಂದು 18 ದೇಶಗಳ 42,000 ಪ್ರಸೂತಿ ಮತ್ತು ಮಕ್ಕಳ ತಜ್ಞರಿಗೆ ಪತ್ರ ಬರೆದರು. ಸಿಕ್ಕಿದ್ದು 395. ಈ ದುಡಿಮೆಯ ಫಲ 1989ರಲ್ಲಿ ಎರಡು ದಪ್ಪ ಸಂಪುಟಗಳಾಗಿ ಬಂತು. 1992ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಕಾಕ್ರೇನ್ ಕೇಂದ್ರ ತೆರೆಯಿತು. ಮರುವರ್ಷ ಅದೇ ಊರಿನಲ್ಲಿ ಸೇರಿದ ಸಮಾವೇಶದಲ್ಲಿ ಕಾಕ್ರೇನ್ ಕೊಲಾಬರೇಷನ್ ಸ್ಥಾಪನೆಯಾಯಿತು. ಹೆಸರು ಹೊತ್ತ ಆರ್ಚಿ ಅದನ್ನು ನೋಡಲು ಇರಲಿಲ್ಲ. ಅವರು 1988ರಲ್ಲೇ ತೀರಿಕೊಂಡಿದ್ದರು.

ಸಂಸ್ಥೆಯ ಲಾಂಛನದಲ್ಲೇ ಅದರ ಹುಟ್ಟಿನ ಕಾರಣವಿದೆ. ದಿನ ತುಂಬುವ ಮೊದಲೇ ನೋವು ಬಂದ ಗರ್ಭಿಣಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟರೆ ಮಗುವಿನ ಶ್ವಾಸಕೋಶ ಬೇಗ ಬಲಿಯುತ್ತದೆ ಎಂದು 1972ರಲ್ಲಿ ಆಕ್ಲೆಂಡಿನ ಲಿಗಿನ್ಸ್ ಮತ್ತು ಹೋವಿ ತೋರಿಸಿದ್ದರು. ಮುಂದೆ ಹಲವು ಪ್ರಯೋಗಗಳು ನಡೆದವು. ಬಿಡಿಬಿಡಿಯಾಗಿ ನೋಡಿದಾಗ ಕೆಲವು ಹೌದೆಂದವು, ಕೆಲವು ಖಚಿತವಾಗಿ ಏನನ್ನೂ ಹೇಳಲಿಲ್ಲ. ಕೂಡಿಸಿದಾಗ ಉತ್ತರ ನಿಚ್ಚಳವಾಗಿತ್ತು. ಆದರೆ ಕೂಡಿಸುವವರಿಲ್ಲದೆ ವರ್ಷಗಳು ಉರುಳಿದವು, ಉಳಿಯಬಹುದಾಗಿದ್ದ ಶಿಶುಗಳು ಉಳಿಯಲಿಲ್ಲ. ಲಾಂಛನದಲ್ಲಿರುವ ಅಡ್ಡಗೆರೆಗಳು ಆ ಪ್ರಯೋಗಗಳು, ಕೆಳಗಿನ ವಜ್ರದ ಗುರುತು ಅವುಗಳ ಮೊತ್ತ.

ಮೊದಲ ಸಂಘಟನೆ ವಿಕೇಂದ್ರಿತವಾಗಿತ್ತು. ಹೆರಿಗೆಗೆ ಒಂದು, ಸ್ಕಿಜೋಫ್ರೇನಿಯಾಗೆ ಒಂದು, ಸೋಂಕು ರೋಗಗಳಿಗೆ ಒಂದು ಎಂಬಂತೆ ಕಾಲಕ್ರಮದಲ್ಲಿ ಐವತ್ತಕ್ಕೂ ಹೆಚ್ಚು ಪರಾಮರ್ಶೆ ಗುಂಪುಗಳು ಹುಟ್ಟಿದವು. ಪ್ರತಿ ಗುಂಪಿಗೂ ಸ್ವಂತ ಸಂಪಾದಕರು, ಸ್ವಂತ ಪ್ರಯೋಗ ದಾಖಲೆ, ಸ್ವಂತ ಹಣದ ಮೂಲ. ಬರೆಯುವ ವೈದ್ಯರು ಬಹುಪಾಲು ಸಂಬಳವಿಲ್ಲದೆ ಬರೆದರು. ಗರ್ಭ ಮತ್ತು ಹೆರಿಗೆ ಗುಂಪಿನ ಕಚೇರಿ ಲಿವರ್‌ಪೂಲಿನಲ್ಲಿತ್ತು. ಪರಾಮರ್ಶೆಗಳು 1995ರಿಂದ ಫ್ಲಾಪಿ ಮತ್ತು ಸಿ.ಡಿ.ಗಳಲ್ಲಿ, ಆಮೇಲೆ ಅಂತರ್ಜಾಲದಲ್ಲಿ ಬಂದವು. 2003ರಲ್ಲಿ ಪ್ರಕಟಣೆಯ ಹೊಣೆ ವೈಲಿ ಕಂಪನಿಗೆ ಹೋಯಿತು. ಓದಬೇಕಾದರೆ ಚಂದಾ ಕಟ್ಟಬೇಕು ಎಂಬ ಗೋಡೆ ಗಟ್ಟಿಯಾಯಿತು.

ಅದೇ ಹೊತ್ತಿಗೆ ಬೆಳಗಾವಿ ಜಿಲ್ಲೆಯಲ್ಲಿ ಇನ್ನೊಂದು ಕೆಲಸ ನಡೆಯುತ್ತಿತ್ತು. ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ತಂಡ ಅಮೆರಿಕದ ಸಂಶೋಧಕರ ಜೊತೆಗೂಡಿ 2002ರಿಂದ 2005ರವರೆಗೆ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ 1,620 ಹೆರಿಗೆಗಳನ್ನು ಅನುಸರಿಸಿತು. ಮಗು ಹುಟ್ಟಿ ಹೊಕ್ಕುಳಬಳ್ಳಿ ಕತ್ತರಿಸಿದ ಕೂಡಲೇ ಅರ್ಧದಷ್ಟು ತಾಯಂದಿರಿಗೆ ಹೆರಿಗೆಯ ನಂತರದ ರಕ್ತಸ್ರಾವ ತಡೆಯಲೆಂದು ಮಿಸೊಪ್ರೊಸ್ಟಾಲ್ ಮಾತ್ರೆ, ಉಳಿದರ್ಧಕ್ಕೆ ಅದರಂತೆಯೇ ಕಾಣುವ ಔಷಧಿಯಿಲ್ಲದ ಮಾತ್ರೆ. ಯಾರಿಗೆ ಯಾವುದು ಎಂಬುದು ಚೀಟಿ ಎತ್ತಿದಂತೆ ನಿರ್ಧಾರವಾಗುತ್ತಿತ್ತು. ಕೊಟ್ಟವಳಿಗೂ ತಿಳಿಯದು, ನುಂಗಿದವಳಿಗೂ ತಿಳಿಯದು. ಕೊಟ್ಟವರು ಹಳ್ಳಿಯ ಎಎನ್‌ಎಂಗಳು, ಜನ ‘ನರ್ಸಮ್ಮ’ ಎಂದು ಕರೆಯುವವರು. ಅದೇ ಉದ್ದೇಶದ ಆಕ್ಸಿಟೋಸಿನ್ ಚುಚ್ಚುಮದ್ದು ಹಾಕುವ ಅಧಿಕಾರ ಆಗ ಅವರಿಗಿರಲಿಲ್ಲ.

ಎಷ್ಟು ರಕ್ತ ಹೋಯಿತು ಎಂದು ಅಳೆಯುವುದೇ ಈ ಪ್ರಯೋಗದ ಜೀವಾಳ. ಕಣ್ಣಂದಾಜು ನೆಚ್ಚುವಂಥದ್ದಲ್ಲ. ಸೀರೆಗೂ ಚಾಪೆಗೂ ನೆಲಕ್ಕೂ ಇಂಗಿಹೋದ ರಕ್ತವನ್ನು ಲೆಕ್ಕ ಹಿಡಿಯಲು ಯಾರಿಂದಲೂ ಆಗದು. ಅದಕ್ಕಾಗಿ ಇಲ್ಲಿ ಒಂದು ಪ್ಲಾಸ್ಟಿಕ್ ಹಾಳೆಯನ್ನು ರೂಪಿಸಿ ಬಳಸಲಾಯಿತು. ಮಗು ಹೊರಬಂದ ಮೇಲೆ ಅದನ್ನು ತಾಯಿಯ ಸೊಂಟದಡಿ ಹಾಸಿ, ದಾರದಿಂದ ಹೊಟ್ಟೆಗೆ ಬಿಗಿಯುತ್ತಿದ್ದರು. ಹಾಳೆಯ ತುದಿ ಆಲಿಕೆಯಂತೆ ಕಿರಿದಾಗಿ ಕೆಳಗೆ ಇಳಿಬಿದ್ದ ಚೀಲವಾಗುತ್ತಿತ್ತು. ಚೀಲದ ಮೈಮೇಲೆ ಮಿಲಿಲೀಟರುಗಳ ಗೆರೆ. ರಕ್ತ ಎಲ್ಲಿಯವರೆಗೆ ಏರಿದೆ ಎಂದು ನರ್ಸಮ್ಮ ಹಾಲಿನ ಅಳತೆ ನೋಡಿದಷ್ಟೇ ಸಲೀಸಾಗಿ ಓದಬಹುದಿತ್ತು. ಕಣ್ಣಂದಾಜನ್ನೂ ಈ ಚೀಲವನ್ನೂ ಹೋಲಿಸಿದ ಬೆಳಗಾವಿಯ ಇನ್ನೊಂದು ಅಧ್ಯಯನದಲ್ಲಿ ಕಣ್ಣಂದಾಜು ಶೇ. 33ರಷ್ಟು ಕಡಿಮೆ ತೋರಿಸಿತ್ತು. ಹಳ್ಳಿಮನೆಯ ಮಂದ ಬೆಳಕಿನಲ್ಲಿ ಆ ವ್ಯತ್ಯಾಸ ಒಬ್ಬ ತಾಯಿಯ ಪ್ರಾಣದಷ್ಟು.

ಫಲಿತಾಂಶ 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. 500 ಮಿಲಿಲೀಟರ್ ಅಥವಾ ಅದಕ್ಕಿಂತ ಹೆಚ್ಚು ರಕ್ತಸ್ರಾವವಾದವರು ಮಿಸೊಪ್ರೊಸ್ಟಾಲ್ ನುಂಗಿದವರಲ್ಲಿ ಶೇ. 6.4, ಔಷಧಿಯಿಲ್ಲದ ಮಾತ್ರೆ ನುಂಗಿದವರಲ್ಲಿ ಶೇ. 12. ಆಸ್ಪತ್ರೆಗಳಲ್ಲಿ ನಡೆದ ದೊಡ್ಡ ಪ್ರಯೋಗದಲ್ಲಿ ಆಕ್ಸಿಟೋಸಿನ್ನೇ ಮೇಲೆಂದು 2001ರಲ್ಲೇ ಸಾಬೀತಾಗಿತ್ತು. ಆದರೆ ಆಕ್ಸಿಟೋಸಿನ್ ಅನ್ನು 2ರಿಂದ 8 ಡಿಗ್ರಿ ತಂಪಿನಲ್ಲಿಡಬೇಕು. ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುವ ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಹರಪನಹಳ್ಳಿ ಸೀಮೆಯಲ್ಲಿ ಕರೆಂಟು ಹೋದ ಉಪಕೇಂದ್ರಕ್ಕೆ ಇದು ಸಣ್ಣ ಮಾತಲ್ಲ. ಮಾತ್ರೆಗೆ ಫ್ರಿಜ್ ಬೇಡ, ಸೂಜಿ ಬೇಡ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆಕ್ಸಿಟೋಸಿನ್ ಸಿಗದ ಕಡೆ ಬಳಸಲೆಂದು ಮಿಸೊಪ್ರೊಸ್ಟಾಲನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಬೆಳಗಾವಿಯ ಅಂಕಿಗಳು ಲಿವರ್‌ಪೂಲ್ ಗುಂಪಿನ ಪರಾಮರ್ಶೆಗೆ ಹೋದವು. 2012ರ ಆವೃತ್ತಿಯಲ್ಲಿ 72 ಪ್ರಯೋಗಗಳ 52,678 ಮಹಿಳೆಯರ ಲೆಕ್ಕವಿತ್ತು. 2018ರಲ್ಲಿ ರಕ್ತಸ್ರಾವ ತಡೆಯುವ ಎಲ್ಲ ಔಷಧಿಗಳನ್ನೂ ಒಟ್ಟಿಗೆ ಹೋಲಿಸಿದಾಗ ಪ್ರಯೋಗಗಳು 196, ಮಹಿಳೆಯರು 1,35,559.

ಆದರೆ ಈ ಪರಾಮರ್ಶೆಗಳನ್ನು ಭಾರತದ ವೈದ್ಯ ಓದುವುದು ಹೇಗೆ? ಬಡ ದೇಶಗಳಿಗೆ ಪತ್ರಿಕೆಗಳನ್ನು ಉಚಿತವಾಗಿ ಒದಗಿಸುವ ವಿಶ್ವ ಆರೋಗ್ಯ ಸಂಸ್ಥೆಯ ಯೋಜನೆಯಲ್ಲಿ ಭಾರತಕ್ಕೆ ಜಾಗ ಸಿಕ್ಕಿರಲಿಲ್ಲ. ತಮ್ಮ ಹಳ್ಳಿಯ ತಾಯಂದಿರಿಂದ ಬಂದ ಅರಿವಿಗೆ ತಾವೇ ದುಡ್ಡು ಕಟ್ಟಿ ಒಳಹೋಗುವ ಸ್ಥಿತಿ ನ್ಯಾಯವಾದುದಾಗಿರಲಿಲ್ಲ. ಇದನ್ನು ಸರಿಪಡಿಸಲು ಮುಂದಾದದ್ದು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು. ಮನೋವೈದ್ಯ ಪ್ರತಾಪ್ ಥರ್ಯನ್ ಮುಂದಾಳತ್ವದಲ್ಲಿ ಅಲ್ಲಿ ದಕ್ಷಿಣ ಏಷ್ಯಾದ ಕಾಕ್ರೇನ್ ಜಾಲ ಆರಂಭವಾಗಿ, ಮುಂದೆ ಪೂರ್ಣ ಕೇಂದ್ರವಾಯಿತು. ಭಾರತದ ಎಷ್ಟೋ ವೈದ್ಯಕೀಯ ಪತ್ರಿಕೆಗಳು ಅಂತರರಾಷ್ಟ್ರೀಯ ಸೂಚಿಗಳಲ್ಲಿ ಇರಲಿಲ್ಲ. ಈ ಜಾಲದವರು ಅವುಗಳ ಹಳೆಯ ಸಂಚಿಕೆಗಳನ್ನು ಪುಟಪುಟವಾಗಿ ತಿರುವಿ, ಅಡಗಿದ್ದ ಪ್ರಯೋಗಗಳನ್ನು ಹೊರತೆಗೆದು ದಾಖಲೆ ಮಾಡಿದರು. ಯಾರ ಕಣ್ಣಿಗೂ ಬೀಳದ ಈ ಕೆಲಸವಿಲ್ಲದಿದ್ದರೆ ಜಗತ್ತಿನ ಲೆಕ್ಕದಲ್ಲಿ ಭಾರತದ ರೋಗಿಗಳೇ ಇರುತ್ತಿರಲಿಲ್ಲ. 2007ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಣ ಕೊಟ್ಟು ಇಡೀ ದೇಶಕ್ಕೆ ಈ ಪರಾಮರ್ಶೆಗಳ ಸಂಗ್ರಹವಾದ ಕಾಕ್ರೇನ್ ಗ್ರಂಥಾಲಯವನ್ನು ತೆರೆಸಿತು. ಅದೇ ವರ್ಷ ಪ್ರಯೋಗಗಳನ್ನು ಶುರುವಾಗುವ ಮುನ್ನವೇ ನೋಂದಾಯಿಸುವ ರಾಷ್ಟ್ರೀಯ ದಾಖಲೆ ಆರಂಭವಾಯಿತು. 2009ರಿಂದ ಔಷಧಿ ಪ್ರಯೋಗಗಳಿಗೆ ಅದು ಕಡ್ಡಾಯ. ಪರಾಮರ್ಶೆ ಬರೆಯುವ ಕೆಲಸ ಕರ್ನಾಟಕದೊಳಗೂ ಬೇರೂರಿತು. ಮಣಿಪಾಲದಲ್ಲಿ ಅದಕ್ಕೆಂದೇ ದಕ್ಷಿಣ ಏಷ್ಯಾದ ಸಾರ್ವಜನಿಕ ಆರೋಗ್ಯ ಸಾಕ್ಷ್ಯ ಕೇಂದ್ರವಿದೆ.

ಕೂಡಿಸಿದ ಲೆಕ್ಕವೂ ಎಲ್ಲ ನೆಲಕ್ಕೂ ಒಪ್ಪದೆಂಬುದನ್ನು ತೋರಿಸಿದ ಪ್ರಯೋಗದಲ್ಲೂ ಬೆಳಗಾವಿ ಇತ್ತು. ಲಾಂಛನದ ಅದೇ ಸ್ಟೀರಾಯ್ಡನ್ನು ಹಳ್ಳಿಗಳ ಹಂತದಲ್ಲಿ ವ್ಯಾಪಕವಾಗಿ ಕೊಟ್ಟರೇನಾಗುತ್ತದೆ ಎಂದು ಆರು ದೇಶಗಳಲ್ಲಿ, ಭಾರತದಲ್ಲಿ ಬೆಳಗಾವಿ ಮತ್ತು ನಾಗಪುರದಲ್ಲಿ, ಸುಮಾರು ಒಂದು ಲಕ್ಷ ಜನನಗಳ ಮೇಲೆ ನೋಡಲಾಯಿತು. 2014ರ ಕೊನೆಗೆ ಬಂದ ಫಲಿತಾಂಶ ಆಘಾತಕಾರಿಯಾಗಿತ್ತು. ಸ್ಟೀರಾಯ್ಡ್ ಯೋಜನೆಯಿದ್ದ ಪ್ರದೇಶಗಳಲ್ಲಿ ನವಜಾತ ಶಿಶುಗಳ ಸಾವು ಸಾವಿರಕ್ಕೆ 27.4, ಉಳಿದೆಡೆ 23.9. ತಾಯಂದಿರಲ್ಲಿ ಸೋಂಕಿನ ಶಂಕೆಯೂ ಹೆಚ್ಚು. ಎಎನ್‌ಎಂಗಳೇ ಮೊದಲ ಚುಚ್ಚುಮದ್ದು ಕೊಡಬಹುದೆಂದು ಕೇಂದ್ರ ಸರ್ಕಾರ ಮಾರ್ಗಸೂಚಿ ಹೊರಡಿಸಿದ್ದು ಅದೇ ವರ್ಷ. ಗೊಂದಲ ಬಗೆಹರಿಯಲು ಆರು ವರ್ಷ ಬೇಕಾಯಿತು. 2020ರಲ್ಲಿ ಐದು ದೇಶಗಳ 29 ಆಸ್ಪತ್ರೆಗಳ ಪ್ರಯೋಗದಲ್ಲಿ ಶಿಶುಗಳ ಸಾವು ಶೇ. 23.5ರಿಂದ 19.6ಕ್ಕೆ ಇಳಿಯಿತು. ಗರ್ಭದ ವಾರಗಳನ್ನು ಸ್ಕ್ಯಾನಿಂಗ್‌ನಿಂದ ಸರಿಯಾಗಿ ಗುರುತಿಸಿ, ಶಿಶುವಿನ ಆರೈಕೆಗೆ ಅನುಕೂಲವಿರುವ ಆಸ್ಪತ್ರೆಯಲ್ಲಿ ಕೊಟ್ಟಾಗ ಔಷಧಿ ಕೆಲಸ ಮಾಡಿತು.

ಸಂಸ್ಥೆಯೊಳಗೂ ಬದಲಾವಣೆಗಳಾದವು, ಬಿರುಕುಗಳೂ ಇದ್ದವು. 2013ರಿಂದ ಹೊಸ ಪರಾಮರ್ಶೆಗಳು ಪ್ರಕಟವಾದ 12 ತಿಂಗಳ ನಂತರ ಎಲ್ಲರಿಗೂ ಉಚಿತವಾದವು. 2015ರಲ್ಲಿ ‘ಕೊಲಾಬರೇಷನ್’ ಎಂಬ ಪದ ಹೆಸರಿನಿಂದ ಬಿದ್ದುಹೋಗಿ ಬರೀ ‘ಕಾಕ್ರೇನ್’ ಉಳಿಯಿತು. 2018ರಲ್ಲಿ ಸ್ಥಾಪಕರಲ್ಲೊಬ್ಬರಾದ ಡೆನ್ಮಾರ್ಕಿನ ಪೀಟರ್ ಗಾಟ್ಶೆ ಅವರನ್ನು ಆಡಳಿತ ಮಂಡಳಿ ಹೊರಹಾಕಿತು. ಅದನ್ನು ವಿರೋಧಿಸಿ ನಾಲ್ವರು ಸದಸ್ಯರು ರಾಜೀನಾಮೆ ಕೊಟ್ಟರು. ನಿಜವಾದ ಹೊಡೆತ ಹಣದ ಕಡೆಯಿಂದ ಬಂತು. ಬ್ರಿಟನ್ನಿನ ಗುಂಪುಗಳನ್ನು ಸಾಕುತ್ತಿದ್ದ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಶೋಧನಾ ಸಂಸ್ಥೆ 2023ರ ಮಾರ್ಚ್ ಕೊನೆಗೆ ಅನುದಾನ ನಿಲ್ಲಿಸಿತು. ಲಿವರ್‌ಪೂಲಿನ ಹೆರಿಗೆ ಗುಂಪೂ ಮುಚ್ಚಿತು. ರೋಗಕ್ಕೊಂದು ಗುಂಪು ಎಂಬ ಮೂವತ್ತು ವರ್ಷದ ಪದ್ಧತಿಯ ಜಾಗದಲ್ಲಿ ಸಾಕ್ಷ್ಯ ಸಂಶ್ಲೇಷಣಾ ಘಟಕಗಳು, ವಿಷಯವಾರು ಗುಂಪುಗಳು ಬಂದವು. ಹಸ್ತಪ್ರತಿಗಳು ನೇರವಾಗಿ ಕೇಂದ್ರ ಸಂಪಾದಕೀಯ ಕಚೇರಿಗೆ ಹೋಗತೊಡಗಿದವು. ಇದರಿಂದ ಪ್ರಕಟಣೆಯ ವೇಗ ಹೆಚ್ಚಬಹುದು. ಆದರೆ ಒಂದೇ ವಿಷಯದ ಪ್ರಯೋಗಗಳನ್ನು ದಶಕಗಳ ಕಾಲ ಕಾದು ಕೂಡಿಟ್ಟ ಜನರ ನೆನಪಿನ ಜಾಗವನ್ನು ಯಾವ ತಂತ್ರಾಂಶವೂ ತುಂಬಲಾರದು.

ಲಿವರ್‌ಪೂಲಿನ ಹೆರಿಗೆ ಗುಂಪು ಮುಚ್ಚಿದ ಎರಡು ತಿಂಗಳೊಳಗೆ, 2023ರ ಮೇ ತಿಂಗಳಲ್ಲಿ, ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ ಮತ್ತು ತಾಂಜಾನಿಯಾದ 80 ಆಸ್ಪತ್ರೆಗಳಲ್ಲಿ 2,10,132 ಮಹಿಳೆಯರ ಮೇಲೆ ನಡೆದ ಪ್ರಯೋಗದ ವರದಿ ಬಂತು. ಗೆರೆ ಹಾಕಿದ ಚೀಲದಿಂದ ರಕ್ತ ಅಳೆದು, ಮಿತಿ ಮೀರಿದೊಡನೆ ಎಲ್ಲ ಚಿಕಿತ್ಸೆಗಳನ್ನೂ ಒಟ್ಟಿಗೆ ಆರಂಭಿಸಿದ ಆಸ್ಪತ್ರೆಗಳಲ್ಲಿ ರಕ್ತಸ್ರಾವ ಪತ್ತೆಯಾದದ್ದು ಶೇ. 93.1, ಹಳೆಯ ಕ್ರಮದಲ್ಲಿ ಶೇ. 51.1. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ದ ಶಸ್ತ್ರಚಿಕಿತ್ಸೆ ಅಥವಾ ಸಾವು, ಈ ಮೂರರಲ್ಲಿ ಒಂದನ್ನಾದರೂ ಕಂಡ ತಾಯಂದಿರು ಶೇ. 4.3ರಿಂದ 1.6ಕ್ಕೆ ಇಳಿದರು.